ಪರಿಹಾರವಿಲ್ಲದ ದೋಷ: ‘ಹೆರೆಡಿಟರಿ’ ಚಿತ್ರದ ಕುರಿತು

‘ಹೆರೆಡಿಟರಿ’ (ಆನುವಂಶಿಕ) ಎಂಬ ಭಯದ ಚಿತ್ರದ ಮೊದಲ ದೃಶ್ಯದಲ್ಲಿ ಕ್ಯಾಮೆರಾ ಕಿಟಕಿಯಾಚೆ ಮರದ ಮೇಲೆ ಕಟ್ಟಿದ ಪುಟ್ಟ ಮನೆಯೊಂದನ್ನು ನೋಡುತ್ತಿರುತ್ತದೆ. ಅಲ್ಲಿಂದ ನಿಧಾನವಾಗಿ ಹಿಂದೆ ಸರಿದು, ಕೆಲಸದ ಕೋಣೆಯೊಳಗೆ ಹೊರಳಿ, ಅಲ್ಲಿ ಇರಿಸಿರುವ ಮನೆಯ ಮಾದರಿಯೊಂದನ್ನು ಸಮೀಪಿಸಿ, ಅದರ ಒಂದು ಕೋಣೆಯೊಳಕ್ಕೆ ಹೋಗುತ್ತದೆ. ನೋಡನೋಡುತ್ತಿದ್ದಂತೆ ಆ ಆಟಿಕೆಯ ಕೋಣೆ ನಿಜವಾದ ಮಲಗುವ ಕೋಣೆಯಾಗುತ್ತದೆ. ಬಾಗಿಲು ತೆರೆದು ತಂದೆಯೊಬ್ಬ ಒಳಬಂದು, ಅಜ್ಜಿಯ ಅಂತ್ಯಕ್ರಿಯೆಗೆ ಹೊರಡಬೇಕೆಂದು ಮಲಗಿದ್ದ ಮಗನನ್ನು ಎಬ್ಬಿಸುತ್ತಾನೆ. ಚಿತ್ರ ಮುಂದೆ ಹೇಳಲಿರುವುದೆಲ್ಲವೂ ಈ ಒಂದು ಚಲನೆಯಲ್ಲಿ ಅಡಗಿದೆ ಎಂದು ನಾನು ನಂಬುತ್ತೇನೆ. ಈ ಮನೆಯೊಳಗೆ ಓಡಾಡುವವರು ತಮ್ಮ ಇಚ್ಛೆಯಂತೆ ಓಡಾಡುತ್ತಿಲ್ಲ. ಅವರನ್ನು ಯಾರೋ ಮೊದಲೇ ಅಲ್ಲಿ ಇರಿಸಿದ್ದಾರೆ. ಇನ್ನು ಮುಂದಿನ ಬರಹದಲ್ಲಿ ಕಥೆಯನ್ನು ಕೊನೆಯವರೆಗೂ ಚರ್ಚಿಸಿದ್ದೇನೆ. ಚಿತ್ರವನ್ನು ನೋಡದವರು ಮೊದಲು ನೋಡಿ, ಆಮೇಲೆ ಓದುವುದು ಒಳ್ಳೆಯದು.

2018ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ಈ ಚಿತ್ರ ನಿರ್ದೇಶಕ ಆರಿ ಆಸ್ಟರ್ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಅವಧಿ 127 ನಿಮಿಷ. ಚಿತ್ರೀಕರಣ ನಡೆದದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ. ಆನಿ ಗ್ರಹಾಂ ಎಂಬ ಕಲಾವಿದೆ ಮನೆ, ಕೋಣೆ, ಮನುಷ್ಯರ ಪುಟ್ಟ ಪ್ರತಿರೂಪಗಳನ್ನು ರಚಿಸುವವಳು. ಗ್ಯಾಲರಿಯೊಂದರ ಪ್ರದರ್ಶನಕ್ಕಾಗಿ ತನ್ನ ಬದುಕಿನ ಘಟನೆಗಳನ್ನೇ ಅಂಗೈಯಗಲದ ಗೊಂಬೆಗಳಲ್ಲಿ ಕಟ್ಟುತ್ತಿದ್ದಾಳೆ. ಪತಿ ಸ್ಟೀವ್ ಮನೋವೈದ್ಯ. ಮಗ ಪೀಟರ್‌ಗೆ ಹದಿನಾರು ವರ್ಷ, ಮಗಳು ಚಾರ್ಲಿಗೆ ಹದಿಮೂರು. ಚಿತ್ರ ಆರಂಭವಾಗುವ ಹೊತ್ತಿಗೆ ಆನಿಯ ತಾಯಿ ಎಲೆನ್ ತೀರಿಕೊಂಡಿದ್ದಾಳೆ. ಅಂತ್ಯಕ್ರಿಯೆಗೆ ಬಂದ ಅನೇಕರನ್ನು ಆನಿ ಹಿಂದೆಂದೂ ಕಂಡಿಲ್ಲ. ತನ್ನ ತಾಯಿಗೆ ತನ್ನದೇ ಗುಟ್ಟಿನ ಗೆಳೆಯರೂ ಗುಟ್ಟಿನ ಆಚರಣೆಗಳೂ ಇದ್ದವೆಂದು ಆಕೆ ಅಲ್ಲಿ ನೆರೆದವರ ಮುಂದೆಯೇ ಹೇಳುತ್ತಾಳೆ, ಆದರೆ ಆ ಮಾತಿನ ತೂಕ ಆಕೆಗೇ ತಿಳಿದಿಲ್ಲ.

ಈ ಕುಟುಂಬಕ್ಕೆ ಬಂದ ಬಳುವಳಿ ಏನೆಂಬುದು ನಮಗೆ ತಿಳಿಯುವುದು ಆಪ್ತರನ್ನು ಕಳೆದುಕೊಂಡವರು ಸೇರಿ ದುಃಖ ಹಂಚಿಕೊಳ್ಳುವ ಒಂದು ಸಭೆಯಲ್ಲಿ. ಮಾತನಾಡಲು ಹಿಂಜರಿಯುತ್ತಿದ್ದ ಆನಿ ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾರದೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ತಂದೆ ತೀವ್ರ ಖಿನ್ನತೆಯಿಂದ ಅನ್ನ ನೀರು ಬಿಟ್ಟು ಸತ್ತ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ನರಳುತ್ತಿದ್ದ ಅಣ್ಣ ಹದಿನಾರನೆಯ ವಯಸ್ಸಿನಲ್ಲಿ ತಾಯಿಯ ಮಲಗುವ ಕೋಣೆಯಲ್ಲಿಯೇ ನೇಣು ಹಾಕಿಕೊಂಡ, ತಾಯಿ ತನ್ನೊಳಗೆ ಬೇರೆಯವರನ್ನು ಸೇರಿಸಲು ಯತ್ನಿಸುತ್ತಿದ್ದಾಳೆಂದು ಪತ್ರ ಬರೆದಿಟ್ಟು. ತಾಯಿಗೂ ಮಾನಸಿಕ ಕಾಯಿಲೆ ಇತ್ತು, ಕೊನೆಗಾಲದಲ್ಲಿ ಮರೆವಿನ ರೋಗವೂ ಸೇರಿಕೊಂಡಿತು. ಮೊದಲ ಬಾರಿ ನೋಡುವಾಗ ಈ ಮಾತುಗಳನ್ನು ನಾವು ಒಂದು ಕುಟುಂಬದ ವೈದ್ಯಕೀಯ ಇತಿಹಾಸವೆಂದು ಕೇಳಿಸಿಕೊಳ್ಳುತ್ತೇವೆ. ಎರಡನೆಯ ಬಾರಿ ನೋಡುವಾಗ ಅದೇ ಮಾತುಗಳು ಸಾಕ್ಷ್ಯವಾಗಿ ಕೇಳುತ್ತವೆ: ಆ ಅಣ್ಣ ಭ್ರಮೆಯಲ್ಲಿ ಬರೆದಿರಲಿಲ್ಲ, ತನಗೆ ಆಗುತ್ತಿದ್ದುದನ್ನೇ ಬರೆದಿದ್ದ. ಹುಚ್ಚೆಂದು ಎಲ್ಲರೂ ಬದಿಗಿಟ್ಟಿದ್ದ ಒಂದು ಸತ್ಯವನ್ನು ಚಿತ್ರ ಎಲ್ಲರ ಎದುರಿಗೇ, ಮೊದಲ ಅರ್ಧಗಂಟೆಯಲ್ಲಿಯೇ ಹೇಳಿ ಮುಗಿಸಿರುತ್ತದೆ. ಹೀಗೆ ಧೈರ್ಯವಾಗಿ ಎಲ್ಲವನ್ನೂ ಮುಂದಿಟ್ಟು, ಆದರೂ ನೋಡುಗನಿಗೆ ಕಾಣದಂತೆ ಮಾಡಿದ ಬರವಣಿಗೆಯನ್ನು ನಾನು ಭಯದ ಚಿತ್ರಗಳಲ್ಲಿ ಕಂಡದ್ದು ಬಹಳ ಕಡಿಮೆ.

ಈ ಕಾರಣಕ್ಕಾಗಿಯೇ ಚಿತ್ರದಲ್ಲಿ ಎರಡು ವಿವರಣೆಗಳು ಕೊನೆಯವರೆಗೂ ಅಕ್ಕಪಕ್ಕದಲ್ಲಿ ಸಾಗುತ್ತವೆ. ಒಂದು, ರಕ್ತದಲ್ಲಿ ಹರಿದುಬಂದ ಮನೋರೋಗ. ಇನ್ನೊಂದು, ಪೈಮನ್ ಎಂಬ ದುಷ್ಟಶಕ್ತಿಗೆ ಗಂಡುದೇಹವೊಂದನ್ನು ಒದಗಿಸಲು ಅಜ್ಜಿ ಮತ್ತು ಆಕೆಯ ಪಂಗಡದವರು ದಶಕಗಳ ಕಾಲ ನಡೆಸಿದ ಸಂಚು. ಕಥೆಯ ಮಟ್ಟದಲ್ಲಿ ಎರಡನೆಯದೇ ನಿಜವೆಂದು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ, ಅದರಲ್ಲಿ ಗೊಂದಲವಿಲ್ಲ. ಆದರೆ ಮನಸ್ಸಿಗೆ ನಾಟುವುದು ಆ ಎರಡರ ನಡುವಿನ ಸಾಮ್ಯ. ಎರಡರಲ್ಲಿಯೂ ಮಗು ಹುಟ್ಟುವ ಮೊದಲೇ ಅದರ ಪಾಲು ನಿಗದಿಯಾಗಿರುತ್ತದೆ. ಎರಡರಲ್ಲಿಯೂ ಪ್ರೀತಿಯ ಕೈಗಳೇ ಕೇಡನ್ನು ದಾಟಿಸುತ್ತವೆ. ಪೀಟರ್ ಹುಟ್ಟಿದಾಗ ಆನಿ ತನ್ನ ತಾಯಿಯನ್ನು ಮನೆಯ ಹತ್ತಿರ ಬರಗೊಡಲಿಲ್ಲ. ಆಮೇಲೆ ಅಪರಾಧಿಭಾವ ತಾಳಲಾರದೆ ಚಾರ್ಲಿಯನ್ನು ಆಕೆಯ ಮಡಿಲಿಗೆ ಒಪ್ಪಿಸಿದಳು. ಮಗುವಿಗೆ ಹಾಲೂಡಿಸಲು ಎಲೆನ್ ತಾನೇ ಮುಂದಾಗುವ ಒಂದು ದೃಶ್ಯವನ್ನು ಆನಿ ಗೊಂಬೆಗಳಲ್ಲಿ ಕಟ್ಟಿಟ್ಟಿದ್ದಾಳೆ. ಕ್ಯಾಮೆರಾ ಅದನ್ನು ಹೆಚ್ಚು ಹೊತ್ತು ತೋರಿಸುವುದಿಲ್ಲ. ಮೊಮ್ಮಗಳಾದ ತಾನು ಗಂಡಾಗಬೇಕೆಂದು ಅಜ್ಜಿ ಬಯಸಿದ್ದಳೆಂದು ಚಾರ್ಲಿ ಹೇಳುವಾಗ ಅದು ಮನೆಮನೆಯಲ್ಲಿ ಕೇಳಿಬರುವ ಸಾಮಾನ್ಯ ಮಾತಿನಂತೆ ಕೇಳಿಸುತ್ತದೆ, ಅಷ್ಟೇ.

ಅಪಘಾತದ ಭಾಗವನ್ನು ಬಿಟ್ಟು ಈ ಚಿತ್ರದ ಬಗ್ಗೆ ಬರೆಯಲಾಗದು. ಪೀಟರ್ ಗೆಳೆಯರ ಪಾರ್ಟಿಗೆ ಹೊರಟಾಗ ತಂಗಿಯನ್ನೂ ಕರೆದೊಯ್ಯಬೇಕೆಂದು ಆನಿ ಹಟ ಹಿಡಿಯುತ್ತಾಳೆ. ಅಲ್ಲಿ ಅಕ್ರೋಟು ಬೆರೆತ ಕೇಕ್ ತಿಂದ ಚಾರ್ಲಿಗೆ ಅಲರ್ಜಿಯಿಂದ ಗಂಟಲು ಕಟ್ಟಿ ಉಸಿರು ನಿಲ್ಲತೊಡಗುತ್ತದೆ. ಆಸ್ಪತ್ರೆಯತ್ತ ಕಾರನ್ನು ಓಡಿಸುತ್ತಿರುವ ಅಣ್ಣ, ಹಿಂದಿನ ಸೀಟಿನಿಂದ ಗಾಳಿಗಾಗಿ ಕಿಟಕಿಯಾಚೆ ತಲೆ ಚಾಚಿದ ತಂಗಿ, ರಸ್ತೆಯ ನಡುವೆ ಬಿದ್ದ ಸತ್ತ ಪ್ರಾಣಿ, ಅದನ್ನು ತಪ್ಪಿಸಲು ತಿರುಗಿಸಿದ ಸ್ಟಿಯರಿಂಗ್, ಪಕ್ಕದ ಕಂಬ. ಪ್ರಚಾರದ ತುಣುಕುಗಳಲ್ಲೆಲ್ಲ ಚಾರ್ಲಿಯೇ ಚಿತ್ರದ ಕೇಂದ್ರವೆಂಬಂತೆ ಬಿಂಬಿಸಿದ್ದರಿಂದ, ಕಥೆಯ ಮೊದಲ ಭಾಗದಲ್ಲಿಯೇ ಆಕೆ ಸಾಯುತ್ತಾಳೆಂದು ಯಾರೂ ಊಹಿಸಿರಲಿಲ್ಲ. ಆದರೆ ನನ್ನನ್ನು ಅಲುಗಾಡಿಸಿದ್ದು ಆ ಹೊಡೆತವಲ್ಲ, ಅದರ ನಂತರದ ನಿಮಿಷಗಳು. ಪೀಟರ್ ಕಾರನ್ನು ನಿಲ್ಲಿಸುತ್ತಾನೆ. ಹಿಂದೆ ತಿರುಗಿ ನೋಡುವುದಿಲ್ಲ, ಇಳಿಯುವುದಿಲ್ಲ, ಅಳುವುದಿಲ್ಲ. ಕನ್ನಡಿಯತ್ತ ಕಣ್ಣೆತ್ತಲು ಹೊರಟು ಅರ್ಧಕ್ಕೇ ತಡೆದುಕೊಳ್ಳುತ್ತಾನೆ. ಆಮೇಲೆ ನಿಧಾನವಾಗಿ ಮನೆಗೆ ಕಾರು ಓಡಿಸಿ, ಯಾರಿಗೂ ಹೇಳದೆ ಹಾಸಿಗೆಯಲ್ಲಿ ಹೋಗಿ ಮಲಗುತ್ತಾನೆ. ಬೆಳಗಾಗುತ್ತದೆ, ಕ್ಯಾಮೆರಾ ಕಣ್ಣುಬಿಟ್ಟು ಮಲಗಿದ ಆ ಹುಡುಗನ ಮುಖದ ಮೇಲೆಯೇ ಇರುತ್ತದೆ, ದೂರದಲ್ಲಿ ತಾಯಿ ಅಂಗಡಿಗೆ ಹೊರಡುವ ಮಾತು, ಹೆಜ್ಜೆಯ ಸದ್ದು, ಕಾರಿನ ಬಾಗಿಲಿನ ಸದ್ದು, ಆಮೇಲೆ ಆಕೆಯ ಚೀರಾಟ.

ಅಪರಾಧಿಭಾವ ಮನುಷ್ಯನ ದೇಹವನ್ನು ಹೇಗೆ ಕಲ್ಲಾಗಿಸುತ್ತದೆಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ದೃಶ್ಯ ಇನ್ನೊಂದು ನನಗೆ ಗೊತ್ತಿಲ್ಲ. ಇಲ್ಲಿ ದೆವ್ವವಿಲ್ಲ, ಕತ್ತಲ ಮೂಲೆಯಿಂದ ಹಾರಿಬರುವ ಆಕೃತಿಯಿಲ್ಲ. ಒಬ್ಬ ಹುಡುಗ ತಾನು ಮಾಡಿದ್ದನ್ನು ತಿಳಿಯಲು ಒಪ್ಪದೆ ಒಂದು ರಾತ್ರಿಯನ್ನು ತಳ್ಳುತ್ತಾನೆ. ಪೀಟರ್ ಪಾತ್ರದ ಅಲೆಕ್ಸ್ ವುಲ್ಫ್ ಅವರ ಅಭಿನಯವನ್ನು ಆನಿ ಪಾತ್ರದ ಟೋನಿ ಕೊಲೆಟ್ ಅವರ ಅಭಿನಯದಷ್ಟು ಜನ ಹೊಗಳಲಿಲ್ಲ. ಇದು ನ್ಯಾಯವಲ್ಲವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಚಿತ್ರದ ಎರಡನೆಯ ಅರ್ಧವನ್ನು ಹೊರುವುದು ಅವರ ಮುಖವೇ. ಆ ಕಂಬದ ಮೇಲೆ ಪೈಮನ್‌ನ ಚಿಹ್ನೆ ಕೆತ್ತಿರುವುದನ್ನು, ಪಾರ್ಟಿಗೆ ಹೋಗುವಾಗಲೇ ಕ್ಯಾಮೆರಾ ಅದನ್ನು ನಮಗೆ ತೋರಿಸಿರುವುದನ್ನು, ಬಹಳ ಜನ ಎರಡನೆಯ ವೀಕ್ಷಣೆಯಲ್ಲಷ್ಟೇ ಗಮನಿಸುತ್ತಾರೆ.

ದುಃಖದಲ್ಲಿರುವ ಮನೆಯೊಂದು ಒಳಗಿಂದ ಹೇಗೆ ಕೊಳೆಯುತ್ತದೆಂಬುದಕ್ಕೆ ಊಟದ ಮೇಜಿನ ದೃಶ್ಯ ಸಾಕ್ಷಿ. ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡು ಎಂದು ಮಗ ಕೆಣಕಿದಾಗ, ಅಷ್ಟು ದಿನ ನುಂಗಿಕೊಂಡಿದ್ದನ್ನು ಆನಿ ಒಮ್ಮೆಲೇ ಹೊರಹಾಕುತ್ತಾಳೆ. ಆಕೆಗೆ ಬೇಕಾಗಿರುವುದು ಮಗನ ಬಾಯಿಂದ ಒಂದು ಒಪ್ಪಿಗೆಯ ಮಾತು, ಅದು ಸಿಕ್ಕಿದರೆ ತಾನು ಕ್ಷಮಿಸಬಲ್ಲೆನೆಂಬ ಹಂಬಲ. ಆದರೆ ಪೀಟರ್ ತಿರುಗಿ ಕೇಳುವುದು, ಬರಲು ಇಷ್ಟವಿಲ್ಲದ ಚಾರ್ಲಿ ಆ ರಾತ್ರಿ ಅಲ್ಲಿಗೆ ಬಂದದ್ದು ಏಕೆ ಎಂಬ ಒಂದೇ ಪ್ರಶ್ನೆ. ಇಬ್ಬರದೂ ಸತ್ಯ, ಇಬ್ಬರೂ ಅದನ್ನು ತಾಳಲಾರರು. ಕೊಲೆಟ್ ಅವರ ಮುಖದಲ್ಲಿ ಸಿಟ್ಟು, ಅಸಹ್ಯ, ಮರುಕ್ಷಣವೇ ಪಶ್ಚಾತ್ತಾಪ ಒಂದರ ಮೇಲೊಂದು ಹಾದುಹೋಗುವುದನ್ನು ನೋಡುವಾಗ ಇದು ಅಭಿನಯವೆಂಬ ಅರಿವೇ ಉಳಿಯುವುದಿಲ್ಲ. ಈ ಪಾತ್ರಕ್ಕಾಗಿ ಅವರಿಗೆ 2018ರ ಗೋಥಮ್ ಪ್ರಶಸ್ತಿ ದೊರೆಯಿತು. ಆಸ್ಕರ್ ನಾಮನಿರ್ದೇಶನ ಮಾತ್ರ ದೊರೆಯಲಿಲ್ಲ. ಭಯದ ಚಿತ್ರವೆಂಬ ಒಂದೇ ಕಾರಣಕ್ಕೆ ಆ ಅಭಿನಯವನ್ನು ಬದಿಗಿಟ್ಟರೆಂದು ನಾನು ಈಗಲೂ ನಂಬಿದ್ದೇನೆ.

ತಾಯ್ತನದ ಬಗ್ಗೆ ಹೇಳಬಾರದೆಂದು ಎಲ್ಲ ಸಮಾಜಗಳೂ ಒಪ್ಪಿಕೊಂಡಿರುವ ಮಾತನ್ನು ಈ ಚಿತ್ರ ಬಾಯಿಬಿಟ್ಟು ಹೇಳುತ್ತದೆ. ಕೆಲವು ವರ್ಷಗಳ ಹಿಂದೆ ನಿದ್ದೆಯಲ್ಲಿ ನಡೆಯುತ್ತಿದ್ದ ಆನಿಗೆ ಒಂದು ರಾತ್ರಿ ಎಚ್ಚರವಾದಾಗ, ತನ್ನ ಮೈಮೇಲೂ ಮಲಗಿದ್ದ ಮಕ್ಕಳ ಮೈಮೇಲೂ ಪೇಂಟ್ ಥಿನ್ನರ್ ಸುರಿದಿತ್ತು, ಕೈಯಲ್ಲಿ ಬೆಂಕಿಕಡ್ಡಿ ಇತ್ತು. ಆ ರಾತ್ರಿಯಿಂದ ಪೀಟರ್ ತಾಯಿಯನ್ನು ಪೂರ್ತಿಯಾಗಿ ನಂಬಿಲ್ಲ. ಕನಸಿನ ದೃಶ್ಯವೊಂದರಲ್ಲಿ ಆಕೆ, ತಾನು ಅವನ ತಾಯಿಯಾಗಲು ಎಂದೂ ಬಯಸಿರಲಿಲ್ಲ, ಗರ್ಭ ನಿಲ್ಲದಿರಲೆಂದು ಬೇಡವೆಂದದ್ದನ್ನೆಲ್ಲ ಮಾಡಿದೆ ಎಂದು ಹೇಳಿ, ಹೇಳಿದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಕಥೆಯನ್ನು ತಿಳಿದ ಮೇಲೆ ಈ ಎರಡೂ ದೃಶ್ಯಗಳು ಬೇರೆಯಾಗಿ ಕಾಣುತ್ತವೆ. ಆಕೆಯೊಳಗೆ ಅರಿವಿಗೆ ಬಾರದ ಯಾವುದೋ ಒಂದು ಎಚ್ಚರ, ಮುಂದೆ ಬರಲಿರುವುದರಿಂದ ಮಕ್ಕಳನ್ನು ತಪ್ಪಿಸಲು ಮತ್ತೆ ಮತ್ತೆ ಯತ್ನಿಸಿತ್ತೇನೋ, ಆದರೆ ಅದಕ್ಕೆ ದೊರೆತ ದಾರಿ ಮಕ್ಕಳನ್ನು ಇಲ್ಲವಾಗಿಸುವುದೊಂದೇ. ಹೀಗೆ ಓದಿದಾಗ ಆನಿ ಕ್ರೂರಿಯಾಗಿ ಕಾಣುವುದಿಲ್ಲ, ಆ ಮನೆತನದ ವಿರುದ್ಧ ಸೆಣಸಿದ ಒಬ್ಬಳೇ ವ್ಯಕ್ತಿಯಾಗಿ ಕಾಣುತ್ತಾಳೆ.

ಚಿತ್ರದ ಕಸುಬುಗಾರಿಕೆ ಈ ಅರ್ಥವನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ. ಮನೆಯ ಒಳಭಾಗವನ್ನು ಸ್ಟುಡಿಯೋದಲ್ಲಿ ಸೆಟ್ ಆಗಿ ಕಟ್ಟಲಾಗಿತ್ತು; ಬೇಕೆಂದಾಗ ಗೋಡೆಗಳನ್ನು ತೆಗೆಯಬಹುದಾಗಿದ್ದರಿಂದ ಛಾಯಾಗ್ರಾಹಕ ಪಾವೆಲ್ ಪೊಗೊಜೆಲ್ಸ್ಕಿ ಅವರು ಕ್ಯಾಮೆರಾವನ್ನು ಬಹಳ ದೂರ ಇರಿಸಿ, ಇಡೀ ಕೋಣೆಯನ್ನು ಒಂದು ಬದಿ ತೆರೆದ ಬೊಂಬೆಮನೆಯಂತೆ ಚಿತ್ರಿಸಲು ಸಾಧ್ಯವಾಯಿತು. ಹಗಲು ರಾತ್ರಿಯಾಗುವುದು ಇಲ್ಲಿ ಸಂಜೆಯ ಮೂಲಕವಲ್ಲ; ಯಾರೋ ಸ್ವಿಚ್ ಒತ್ತಿದಂತೆ ಬೆಳಕು ಆರಿ, ಅದೇ ಚೌಕಟ್ಟಿನಲ್ಲಿ ಕತ್ತಲೆ ತುಂಬಿಕೊಳ್ಳುತ್ತದೆ. ಸಂಗೀತ ಸಂಯೋಜಕ ಕಾಲಿನ್ ಸ್ಟೆಟ್ಸನ್ ಸ್ಯಾಕ್ಸೋಫೋನ್ ವಾದಕರು. ಅವರ ತಗ್ಗುಸ್ವರದ ಮಿಡಿತ ಎಷ್ಟೋ ದೃಶ್ಯಗಳಲ್ಲಿ ಕೇಳಿಸುವುದಕ್ಕಿಂತ ಹೆಚ್ಚಾಗಿ ಎದೆಗೆ ತಾಗುತ್ತದೆ. ಚಾರ್ಲಿ ನಾಲಿಗೆಯಿಂದ ಹೊರಡಿಸುವ ‘ಟಕ್’ ಎಂಬ ಸದ್ದು, ಆಕೆ ಸತ್ತ ಮೇಲೂ ಖಾಲಿ ಕೋಣೆಗಳಲ್ಲಿ ಕೇಳಿಬರುವಾಗ ಅದಕ್ಕೆ ಬೇರೆ ಯಾವ ವಾದ್ಯವೂ ಜೊತೆಯಾಗುವುದಿಲ್ಲ. ಅಪಘಾತವನ್ನು ಕೂಡ ಆನಿ ಗೊಂಬೆಗಳಲ್ಲಿ, ರಸ್ತೆಬದಿಯ ತಲೆಯ ಸಮೇತ ಕಟ್ಟುತ್ತಾಳೆ. ಅದನ್ನು ಕಂಡು ಸ್ಟೀವ್ ಹೌಹಾರಿದಾಗ ಇದು ನಡೆದದ್ದರ ತಟಸ್ಥ ನಿರೂಪಣೆಯಷ್ಟೇ ಎನ್ನುತ್ತಾಳೆ. ಕೈಗೆ ಸಿಗದ ಬದುಕನ್ನು ಅಂಗೈಯಗಲಕ್ಕೆ ಇಳಿಸಿ ಹಿಡಿಯುವುದೊಂದೇ ಆಕೆಗೆ ಉಳಿದ ಅಧಿಕಾರ.

ಸ್ಟೀವ್‌ನ ಬಗ್ಗೆ ವಿಮರ್ಶಕರು ಹೆಚ್ಚು ಬರೆದಿಲ್ಲ. ಗೇಬ್ರಿಯಲ್ ಬರ್ನ್ ಅವರು ಬಹಳ ತಗ್ಗಿದ ದನಿಯಲ್ಲಿ ನಿರ್ವಹಿಸಿರುವ ಈ ಮನುಷ್ಯ ಒಳ್ಳೆಯವನು, ತಾಳ್ಮೆಯವನು, ರಕ್ತದಿಂದ ಈ ವಂಶಕ್ಕೆ ಸೇರದವನು. ಅತ್ತೆಯ ಸಮಾಧಿಯನ್ನು ಯಾರೋ ಅಗೆದಿದ್ದಾರೆಂಬ ಸುದ್ದಿ ಬಂದಾಗ ಹೆಂಡತಿಗೆ ನೋವಾಗದಿರಲೆಂದು ಅದನ್ನು ಮುಚ್ಚಿಡುತ್ತಾನೆ. ಆ ಮೌನವೇ ಮುಂದಿನ ಅನಾಹುತಕ್ಕೆ ದಾರಿ ಮಾಡಿಕೊಡುತ್ತದೆ. ಮನೆಯ ಅಟ್ಟದಲ್ಲಿ ಆ ಶವ ದೊರೆತಾಗ ಇದನ್ನು ಮಾಡಿದವಳು ಆನಿಯೇ ಎಂದು ಆತ ನಂಬುತ್ತಾನೆ. ಆತನ ವಿದ್ಯೆ ಆತನಿಗೆ ಬೇರೆ ಉತ್ತರ ಕೊಡಲಾರದು. ವಿವೇಕವಂತ ವೈದ್ಯನೊಬ್ಬ ಆಡಬೇಕಾದ ಮಾತುಗಳನ್ನೇ ಆತ ಆಡುತ್ತಾನೆ, ಅವೆಲ್ಲವೂ ತಪ್ಪಾಗುತ್ತವೆ, ಕೊನೆಗೆ ಹೆಂಡತಿ ಪುಸ್ತಕವೊಂದನ್ನು ಬೆಂಕಿಗೆ ಎಸೆದಾಗ ಹೊತ್ತಿಕೊಳ್ಳುವುದು ಆತನ ಮೈ.

ಇಲ್ಲಿ ಒಂದು ವಿಷಯದಲ್ಲಿ ನನಗೆ ಆತಂಕವಿದೆ. ಮನೋರೋಗಿ ಹೇಳಿದ್ದೇ ಸತ್ಯ, ವೈದ್ಯ ಹೇಳಿದ್ದು ಸುಳ್ಳು ಎಂಬ ಕಥಾಹಂದರ, ಕಾಯಿಲೆಯನ್ನು ದೆವ್ವದ ಚೇಷ್ಟೆಯೆಂದು ನಂಬಿ ಚಿಕಿತ್ಸೆಯನ್ನು ಮುಂದೂಡುವ ಕುಟುಂಬಗಳಿರುವ ನಮ್ಮ ನಡುವೆ ತಪ್ಪಾಗಿ ಓದಿಕೊಳ್ಳಲ್ಪಡಬಹುದು. ನಿಜಜೀವನದಲ್ಲಿ ಆನುವಂಶಿಕತೆ ಇಷ್ಟು ನಿರ್ದಯವಲ್ಲ. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಅದು ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಬಹುಪಾಲು ಮಕ್ಕಳಿಗೆ ಅದು ಬರುವುದೇ ಇಲ್ಲ. ಏಕರೂಪಿ ಅವಳಿ ಮಕ್ಕಳ ದೇಹದಲ್ಲಿ ಒಂದೇ ಜೀನುಗಳಿದ್ದರೂ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರು ಆರೋಗ್ಯವಾಗಿರುವುದುಂಟು. ಚಿತ್ರವನ್ನು ಮೆಚ್ಚುವಾಗಲೂ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಬಯಸುತ್ತೇನೆ.

ಮನೆತನಕ್ಕೆ ಅಂಟಿದ ಕೇಡಿನ ಕಲ್ಪನೆ ನಮಗೇನೂ ಹೊಸದಲ್ಲ. ಆದರೆ ನಮ್ಮಲ್ಲಿ ದೋಷದ ಮಾತು ಬಂದಾಗ ಅದರ ಬೆನ್ನಿಗೇ ಪರಿಹಾರದ ಮಾತೂ ಬರುತ್ತದೆ. ಸರ್ಪದೋಷವೆಂದರೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷ ಬಲಿ, ಸರ್ಪಸಂಸ್ಕಾರ. ಪಿತೃದೋಷವೆಂದರೆ ಗೋಕರ್ಣದಲ್ಲಿ ನಾರಾಯಣ ಬಲಿ. ನಂಬುವವರು ನಂಬಲಿ, ಬಿಡುವವರು ಬಿಡಲಿ, ಆ ಕಲ್ಪನೆಯೊಳಗೆ ಮನುಷ್ಯ ಮಾಡಬಹುದಾದ ಒಂದು ಕೆಲಸವಂತೂ ಇದೆ, ಸತ್ತವರೊಡನೆ ಲೆಕ್ಕ ತೀರಿಸಿಕೊಳ್ಳುವ ಒಂದು ದಾರಿ ಇದೆ. ಆಸ್ಟರ್ ಅವರ ಚಿತ್ರ ಆ ದಾರಿಯನ್ನೇ ಮುಚ್ಚುತ್ತದೆ. ದುಃಖದಲ್ಲಿ ಮುಳುಗಿದ ಆನಿಗೆ ಜೋನ್ ಎಂಬ ಹಿರಿಯ ಹೆಂಗಸು ಸತ್ತ ಮಗಳನ್ನು ಕರೆದು ಮಾತನಾಡಿಸುವ ವಿಧಿಯೊಂದನ್ನು ಕಲಿಸುತ್ತಾಳೆ; ಆ ಪಾತ್ರದಲ್ಲಿ ಆ್ಯನ್ ಡೌಡ್ ಅವರ ಅಕ್ಕರೆಯ ನಗುವನ್ನು ಯಾರೂ ಅನುಮಾನಿಸಲಾರರು. ಆಕೆ ಎಲೆನ್‌ಳ ಪಂಗಡದವಳೇ, ಆ ವಿಧಿಯೇ ಬಲೆ. ಗಾಯಕ್ಕೆ ಹಚ್ಚಿದ ಮದ್ದಿನಲ್ಲಿಯೇ ವಿಷವಿತ್ತೆಂದು ತಿಳಿಯುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಪೀಟರ್‌ನ ತರಗತಿಯಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ದುರಂತ ನಾಟಕವನ್ನು ಪಾಠ ಮಾಡುವ ಅಧ್ಯಾಪಕ, ಅದರಲ್ಲಿ ಬರುವ ವೀರ ಹೆರಾಕ್ಲಿಸ್‌ಗೆ ಆಯ್ಕೆಯೇ ಇರಲಿಲ್ಲವೆಂದಾದರೆ ದುರಂತ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ಕೇಳುತ್ತಾನೆ. ಹೆಚ್ಚುತ್ತದೆ, ಏಕೆಂದರೆ ಆಗ ಆ ಪಾತ್ರಗಳಿಗೆ ಯಾವ ಭರವಸೆಯೂ ಎಂದೂ ಇರಲಿಲ್ಲವೆಂದಾಯಿತು ಎಂಬರ್ಥದ ಉತ್ತರವನ್ನು ಒಬ್ಬ ವಿದ್ಯಾರ್ಥಿನಿ ಕೊಡುತ್ತಾಳೆ. ಪೀಟರ್ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಅವನ ಗಮನ ಮುಂದೆ ಕುಳಿತ ಹುಡುಗಿಯ ಮೇಲಿದೆ.

ಕೊನೆಯ ಭಾಗದ ಬಗ್ಗೆ ಪ್ರೇಕ್ಷಕರು ಇಬ್ಭಾಗವಾಗಿದ್ದಾರೆ. ಅಮೆರಿಕದಲ್ಲಿ ಬಿಡುಗಡೆಯ ದಿನ ಪ್ರೇಕ್ಷಕರ ಅಭಿಪ್ರಾಯ ಅಳೆಯುವ ಸಿನಿಮಾಸ್ಕೋರ್ ಸಂಸ್ಥೆ ಈ ಚಿತ್ರಕ್ಕೆ ‘ಡಿ ಪ್ಲಸ್’ ಎಂಬ ಕೆಳದರ್ಜೆ ಕೊಟ್ಟಿತು, ಆದರೆ ವಿಮರ್ಶಕರು ಕೊಂಡಾಡಿದರು, ಸುಮಾರು ಒಂದು ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ ಎಂಟು ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಗೋಡೆಯ ಮೇಲೆ ಹರಿದಾಡುವ ತಾಯಿ, ಬೆತ್ತಲೆ ನಿಂತು ನಗುವ ಅಪರಿಚಿತರು, ತಲೆಯಿಲ್ಲದ ದೇಹಗಳು ಬಂದ ಕೂಡಲೇ ಅದುವರೆಗಿನ ಸೂಕ್ಷ್ಮತೆ ಹಾಳಾಯಿತೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದುಃಖ ಮಾತ್ರವೇ ಕಾರಣವಾಗಿದ್ದರೆ ದುಃಖ ತಗ್ಗಿದಾಗ ಈ ಮನೆ ಚೇತರಿಸಿಕೊಳ್ಳಬಹುದಿತ್ತು. ಹೊರಗಿನಿಂದ ನೇಯ್ದ ಬಲೆಯೊಂದು ಇದೆಯೆಂದು ಕಂಡಾಗಲಷ್ಟೇ, ಆ ಊಟದ ಮೇಜಿನ ಜಗಳದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ವೃಥಾ ಇರಿದುಕೊಂಡರೆಂಬ ಕ್ರೌರ್ಯ ತಿಳಿಯುತ್ತದೆ. ಅಂದು ನಡೆದದ್ದು ಮಗನ ತಪ್ಪಾಗಲಿ ತಾಯಿಯ ತಪ್ಪಾಗಲಿ ಆಗಿರಲಿಲ್ಲ. ಅವರಿಗೆ ಅದು ಎಂದೂ ತಿಳಿಯುವುದಿಲ್ಲ.

ನನ್ನ ಆಕ್ಷೇಪ ಬೇರೆ ಕಡೆ ಇದೆ. ಪೈಮನ್ ಎಂಬ ಹೆಸರನ್ನು ಆಸ್ಟರ್ ತಾವೇ ಕಲ್ಪಿಸಿದ್ದಲ್ಲ. ಹದಿನೇಳನೆಯ ಶತಮಾನದ ಯುರೋಪಿನ ಮಂತ್ರವಿದ್ಯೆಯ ಗ್ರಂಥಗಳಲ್ಲಿ ಒಂಟೆಯ ಮೇಲೆ ಸವಾರಿ ಮಾಡುವ, ಕಿರೀಟಧಾರಿಯಾದ ರಾಜನೆಂದು ಆತನ ವರ್ಣನೆ ಬರುತ್ತದೆ. ಆನಿ ತಾಯಿಯ ಪುಸ್ತಕಗಳಲ್ಲಿ ಈ ವಿವರಗಳನ್ನು ಕಾಣುವ ದೃಶ್ಯವೇ ನಮಗೆ ಸಾಕಾಗಿತ್ತು. ಆದರೂ ಮರದ ಮೇಲಿನ ಮನೆಯಲ್ಲಿ ಪೀಟರ್‌ನ ತಲೆಗೆ ಕಿರೀಟ ತೊಡಿಸುವಾಗ ಜೋನ್ ಎಲ್ಲವನ್ನೂ ಮತ್ತೊಮ್ಮೆ ಮಾತಿನಲ್ಲಿ ವಿವರಿಸುತ್ತಾಳೆ. ಎರಡು ಗಂಟೆಗಳ ಕಾಲ ನೋಡುಗರ ಬುದ್ಧಿಯನ್ನು ಗೌರವಿಸಿದ ಚಿತ್ರಕ್ಕೆ ಆ ಭಾಷಣ ಬೇಕಿರಲಿಲ್ಲ. ಪೀಟರ್‌ನ ಶೂನ್ಯ ನೋಟ, ಆತನ ಬಾಯಿಂದ ಹೊರಟ ಚಾರ್ಲಿಯ ‘ಟಕ್’ ಸದ್ದು, ಸುತ್ತ ಮೊಣಕಾಲೂರಿದ ಮುದುಕರು, ಇದುವರೆಗೆ ಕೇಳದಿದ್ದ ಸಡಗರದ ಧ್ವನಿಗೆ ಏರುವ ಸ್ಟೆಟ್ಸನ್ ಅವರ ಸಂಗೀತ ಎಲ್ಲವನ್ನೂ ಹೇಳಿಬಿಟ್ಟಿದ್ದವು.

ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರು ಈ ಚಿತ್ರವನ್ನು ಸದ್ಯಕ್ಕೆ ನೋಡದಿರುವುದು ಒಳ್ಳೆಯದೆಂದು ನಾನು ಕಾಳಜಿಯಿಂದ ಹೇಳುತ್ತೇನೆ. ಉಳಿದವರು ಮೊಬೈಲಿನಲ್ಲಿ ತುಂಡುತುಂಡಾಗಿ ನೋಡದೆ, ಒಳ್ಳೆಯ ಧ್ವನಿಯ ವ್ಯವಸ್ಥೆ ಇರುವಲ್ಲಿ ಒಂದೇ ಸಲಕ್ಕೆ ನೋಡಬೇಕು. ಎರಡನೆಯ ಸಲ ನೋಡುವವರು ಅಂತ್ಯಕ್ರಿಯೆಯಲ್ಲಿ ಚಾರ್ಲಿಯನ್ನು ನೋಡಿ ನಗುವ ಗಂಡಸನ್ನು, ಎಲೆನ್‌ಳ ಕೊರಳಲ್ಲಿಯೂ ಆನಿಯ ಕೊರಳಲ್ಲಿಯೂ ತೂಗುವ ಒಂದೇ ಬಗೆಯ ಪದಕವನ್ನು, ತಾಯಿ ಬಿಟ್ಟುಹೋದ ಪುಸ್ತಕದ ನಡುವೆ ಸಿಗುವ ಕ್ಷಮೆಯಾಚನೆಯ ಚೀಟಿಯನ್ನು ಗಮನವಿಟ್ಟು ನೋಡಲಿ. ಈ ನಷ್ಟಗಳೆಲ್ಲ ಕೊನೆಗೆ ಸಾರ್ಥಕವೆನಿಸುತ್ತವೆ ಎಂದು ಆ ಚೀಟಿಯಲ್ಲಿ ಎಲೆನ್ ಮಗಳಿಗೆ ಬರೆದಿದ್ದಾಳೆ. ಆಗ ಚಾರ್ಲಿ ಇನ್ನೂ ಬದುಕಿದ್ದಾಳೆ.